ಜೋಡಿ ಹಲ್ಲಿಯ ಗುಳಿಗೆ

ಸುಧಾಕರನ ತಾಯಿ ಸಾಯಬೇಕು ಎಂದು ನಾನು ಒಂದು ದಿನ ಆಸೆಪಟ್ಟಿದ್ದೆ. ಸುಳ್ಳು ಹೇಳಿ ನನಗೇನಾಗಬೇಕು. ಆ ಮುದುಕಿ ನನಗೆ ಎಂದೂ ಕೆಟ್ಟದ್ದು ಮಾಡಿದವಳಲ್ಲ, ಬಿಸಿಲಿನ ದಿನ ಮಜ್ಜಿಗೆ ಕೊಡದೆ ಕಳಿಸಿದವಳೂ ಅಲ್ಲ. ಆದರೂ ಆಸೆಪಟ್ಟೆ. ಆಸೆಪಟ್ಟದ್ದು ಮಾತ್ರವಲ್ಲ, ಅದಕ್ಕೆ ಬೇಕಾದ್ದನ್ನು ಸೊಂಟದ ಚೀಲದಿಂದ ತೆಗೆದು ಅವಳ ಕೈಗೆ ಕೊಟ್ಟೂ ಇದ್ದೆ.

ನಾನು ಸುಗುಣ. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ತೆಗೆದುಕೊಂಡು, ಬಸ್ಸಿನ ಹಿಂದಿನ ಬಾಗಿಲ ಹತ್ತಿರ ಬುಟ್ಟಿ ಇಟ್ಟು, ಕುಂದಾಪುರ ದಾಟಿ ಕೋಟೇಶ್ವರಕ್ಕೆ ಬಂದು ಮನೆ ಮನೆಗೆ ಮಾರುವವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೀನಿನವಳು ಎದುರು ಬಾಗಿಲಿಗೆ ಹೋಗುವುದಿಲ್ಲ, ಹಿತ್ತಿಲ ಬಾಗಿಲಿಗೆ ಹೋಗುತ್ತಾಳೆ. ಎದುರು ಬಾಗಿಲಲ್ಲಿ ಜನ ತಾವು ಹೇಗೆ ಕಾಣಬೇಕೋ ಹಾಗೆ ನಿಂತಿರುತ್ತಾರೆ, ಹಿತ್ತಿಲಲ್ಲಿ ಹೇಗಿದ್ದಾರೋ ಹಾಗೆ. ಯಾರ ಮನೆಯ ಸೊಸೆ ಬಸುರಿ, ಯಾರ ಮನೆಯ ಮುದುಕನಿಗೆ ಸಕ್ಕರೆ ಕಾಯಿಲೆ ಏರಿದೆ ಎನ್ನುವುದು ನನಗೆ ಅವರ ನೆಂಟರಿಗಿಂತ ಮೊದಲು ಗೊತ್ತಾಗುತ್ತದೆ. ನಾನು ಒಂದು ಮನೆಯಲ್ಲಿ ಹೇಳಿದ ಮಾತು ಮಧ್ಯಾಹ್ನದೊಳಗೆ ಮೂವತ್ತು ಮನೆ ತಿರುಗಿರುತ್ತದೆ.

ನನ್ನ ಗಂಡ ಮಂಜ ಬೋಟಿನಲ್ಲಿ ಬಲೆ ಎಳೆಯುವ ಕೆಲಸದವರು. ಹತ್ತು ವರ್ಷದಿಂದ ಅವರಿಗೆ ಉಬ್ಬಸ. ಬರಿಯ ಉಬ್ಬಸವಲ್ಲ, ಅದರ ಜೊತೆಗೆ ಬಿಡದ ಕೆಮ್ಮು. ಮಲಗಿದರೆ ಕೆಮ್ಮು, ನಕ್ಕರೆ ಕೆಮ್ಮು, ಡೀಸೆಲ್ ಹೊಗೆ ಮೂಗಿಗೆ ಬಡಿದರಂತೂ ಕಣ್ಣಿನಲ್ಲಿ ನೀರು ಇಳಿಯುವಷ್ಟು ಕೆಮ್ಮು. ಆಡುಸೋಗೆ ಸೊಪ್ಪಿನ ಕಷಾಯ ಕೊಟ್ಟೆ. ಶಂಕರನಾರಾಯಣದ ಕಡೆಯ ಪಂಡಿತರ ಲೇಹ್ಯ ಕೊಟ್ಟೆ. ಆಸ್ಪತ್ರೆಯವರು ಬಾಯಿಗೆ ಒತ್ತುವ ಪಂಪು ಕೊಟ್ಟರು. ಒಮ್ಮೆ ಹಿಡಿದರೆ ಜೀವ ಇರುವವರೆಗೆ ಬಿಡಲಾಗುವುದಿಲ್ಲ ಎಂದು ಬೋಟಿನವರು ಹೆದರಿಸಿದರು, ಇವರು ಅದನ್ನು ಕಪಾಟಿನಲ್ಲಿ ಇಟ್ಟರು.

ಆಗ ಸಿಕ್ಕಿದವನು ಸುಧಾಕರ. ಸಿಂಗಾಪುರದಲ್ಲಿ ಎಂಟು ವರ್ಷ ಯಾವುದೋ ಅಂಗಡಿಯಲ್ಲಿ ದುಡಿದು ಬಂದವನು. ಕೋಟೇಶ್ವರದಲ್ಲಿ ಹೆದ್ದಾರಿಯ ಬದಿಗೆ ತನ್ನ ಮನೆಯ ಎದುರಿನ ಕೋಣೆಯಲ್ಲೇ ‘ಚೀನೀ ಪಾರಂಪರಿಕ ಚಿಕಿತ್ಸೆ’ ಎಂಬ ಬೋರ್ಡು ಹಾಕಿದ್ದ. ಬಿಳಿ ಕೋಟು, ಗಾಜಿನ ಡಬ್ಬಗಳಲ್ಲಿ ಬೇರು ತೊಗಟೆ, ಗೋಡೆಯ ಮೇಲೆ ಅಂಗೈಗಿಂತ ಉದ್ದದ ಎರಡು ಒಣ ಹಲ್ಲಿ. ಗಂಡೊಂದು, ಹೆಣ್ಣೊಂದು. ಕಾಲು ಚಾಚಿಸಿ ಬಿದಿರು ಕಡ್ಡಿಗೆ ಕಟ್ಟಿ ಗಾಜಿನ ಚೌಕಟ್ಟಿನಲ್ಲಿ ಕೂರಿಸಿದ್ದ. ಚೀನಾದವರು ಹಳೆಯ ದಮ್ಮಿಗೆ ಇದನ್ನೇ ಅರೆದು ಕೊಡುವುದಂತೆ. ಗೋಡೆ ಹಿಡಿದ ಹಲ್ಲಿ ಹೇಗೆ ಬೀಳುವುದಿಲ್ಲವೋ ಹಾಗೆ ಈ ಗುಳಿಗೆ ತಿಂದವನ ಉಸಿರು ಜಾರುವುದಿಲ್ಲವಂತೆ. ಅವನ ಬಾಯಿ ಎಂದರೆ ಎಣ್ಣೆ ಹಚ್ಚಿದ ಬಾಯಿ.

ಕಾಳುಮೆಣಸಿಗಿಂತ ದಪ್ಪದ ಕಪ್ಪು ಗುಳಿಗೆ, ದಿನಕ್ಕೆ ಎರಡು. ನಾಲ್ಕನೆಯ ದಿನಕ್ಕೆ ಮಂಜನ ಕೆಮ್ಮು ನಿಂತಿತು. ಹತ್ತು ವರ್ಷದ ಮೇಲೆ ಮೊದಲ ಸಲ ಆ ಮನುಷ್ಯ ಅಂಗಾತ ಮಲಗಿ ನಿದ್ರೆ ಮಾಡಿದರು. ಹಸಿವು ಹುಟ್ಟಿತು, ಕೆನ್ನೆ ತುಂಬಿತು, ಮುಖ ಹುಣ್ಣಿಮೆಯ ಚಂದ್ರನ ಹಾಗೆ ಗುಂಡಗಾಯಿತು. ನಾನು ಖುಷಿಯಲ್ಲಿ ಹಿತ್ತಿಲು ಹಿತ್ತಿಲಿಗೆ ಹೇಳಿದೆ. ಬಂಗುಡೆಯ ಜೊತೆ ಸುಧಾಕರನ ಹೆಸರನ್ನೂ ಹೊತ್ತು ಮಾರಿದೆ. ನಡೆಯಲಾಗದವರಿಗೆ ಗುಳಿಗೆಯ ಬಾಟಲಿಯನ್ನು ನಾನೇ ಬುಟ್ಟಿಯಲ್ಲಿಟ್ಟು ತಲುಪಿಸಿದೆ. ಹದಿನೇಳು ಮನೆ. ಬೀಜಾಡಿಯ ಮುತ್ತ ಎಂಬ ಹೆಂಗಸು ಅಳುತ್ತಾ ನನ್ನ ಕೈ ಹಿಡಿದು, ದೇವರು ನಿನ್ನ ರೂಪದಲ್ಲಿ ಬಂದದ್ದು ಎಂದಿದ್ದಳು. ಈಗ ಆ ಮಾತು ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕೆಮ್ಮು ನಿಂತರೆ ಶಬರಿಮಲೆಗೆ ಬರುತ್ತೇನೆ ಎಂದು ಮಂಜ ಹರಕೆ ಹೊತ್ತಿದ್ದರು. ಹದಿನಾಲ್ಕು ತಿಂಗಳು ಗುಳಿಗೆ ತಿಂದ ಮೇಲೆ, ಹೋದ ಡಿಸೆಂಬರಿನಲ್ಲಿ ಮಾಲೆ ಹಾಕಿದರು. ಮಾಲೆ ಹಾಕಿದ ಮನೆಯಲ್ಲಿ ಮೀನು ಬೇಯುವುದಿಲ್ಲ. ನನ್ನ ಬುಟ್ಟಿ, ಕತ್ತಿ ಎಲ್ಲ ಪಕ್ಕದ ಮನೆಯ ಜಗುಲಿಗೆ ಹೋಯಿತು, ನಾನು ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬರುತ್ತಿದ್ದೆ. ಮೊದಲ ದಿನವೇ ಇವರಿಗೆ ಗುಳಿಗೆಯ ಯೋಚನೆ ಹತ್ತಿತು. ಹಲ್ಲಿ ಎಂದರೆ ಜೀವಿ. ವ್ರತದಲ್ಲಿ ತಿನ್ನಬಹುದೇ? ಸುಧಾಕರನಿಗೆ ಫೋನು ಮಾಡಿದರು. ಸ್ಪೀಕರಿಗೆ ಹಾಕಿದ್ದರು, ನಾನು ಪಕ್ಕದಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ.

“ಸುಧಾಕರಣ್ಣ, ಹಲ್ಲಿ ಇಪ್ಪುದನ್ನ ತಿಂಬುಕೆ ಈಗ ಮನಸ್ ಒಪ್ಪುದಿಲ್ಲೆ. ಎಂತ ಮಾಡುದ್?”

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, “ಬಿಡಿ ಸ್ವಾಮಿ. ನಲ್ವತ್ತೊಂದ್ ದಿನ ಅಲ್ದಾ. ಮಲೆಗ್ ಹೋಯ್ ಬಂದ್ ಮತ್ತೆ ಶುರು ಮಾಡ್ರೆ ಆಯ್ತ್. ಎಂತ ಆಪ್ದಿಲ್ಲೆ.”

ಆರನೆಯ ದಿನ ಮಂಜನಿಗೆ ಎದ್ದು ನಿಲ್ಲಲು ಆಗಲಿಲ್ಲ. ವ್ರತದ ಉಪವಾಸ ಎಂದುಕೊಂಡೆವು. ಎಂಟನೆಯ ದಿನ ವಾಂತಿ. ಒಂಬತ್ತನೆಯ ದಿನ ಬೆಳಿಗ್ಗೆ, ಪೂಜೆಗೆ ಕೂತಲ್ಲಿಗೇ ಉಸಿರು ಕಟ್ಟಿತು. ಹತ್ತು ವರ್ಷದ ಉಬ್ಬಸವೆಲ್ಲ ಒಟ್ಟಾಗಿ ಮೇಲೆ ಬಿದ್ದ ಹಾಗೆ ಬಂತು. ಕುಂದಾಪುರದ ಆಸ್ಪತ್ರೆ ಮುಟ್ಟುವಾಗ ತುಟಿ ನೀಲಿ. ಮಧ್ಯಾಹ್ನ ಎರಡಕ್ಕೆ ಹೋದರು, ಕೊರಳಲ್ಲಿ ಮಾಲೆ ಇದ್ದಂತೆಯೇ.

ಅಲ್ಲಿದ್ದ ಹೆಂಗಸು ಡಾಕ್ಟರು ಚಿಕ್ಕ ಪ್ರಾಯದವರು. ಇವರ ಗುಂಡು ಮುಖ ನೋಡಿದ ಕೂಡಲೇ ಏನು ಮದ್ದು ತಿನ್ನುತ್ತಿದ್ದರು ಎಂದು ಕೇಳಿದ್ದರು. ಮನೆಯಲ್ಲಿ ಎರಡು ಬಾಟಲಿ ಇತ್ತು. ಅರ್ಧ ಖಾಲಿಯಾದದ್ದನ್ನು ಅವರಿಗೆ ಕೊಟ್ಟೆ, ಪರೀಕ್ಷೆಗೆ ಕಳಿಸಿದರು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಕರೆದು ಕೂರಿಸಿ ಹೇಳಿದರು. “ಇದರಲ್ಲಿ ಇರುವುದು ಸ್ಟೀರಾಯ್ಡ್, ಸುಗುಣ. ದಿನಾ ಅಷ್ಟು ತಿಂದರೆ ಮೈ ತನ್ನ ಕೆಲಸವನ್ನೇ ಮರೆತುಬಿಡುತ್ತದೆ. ಆಮೇಲೆ ಒಂದೇ ದಿನಕ್ಕೆ ನಿಲ್ಲಿಸಬಾರದು, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಬೇಕು. ನಿಲ್ಲಿಸಿದ್ದರಿಂದಲೇ ಹೋದರು.”

“ಹಲ್ಲಿ?” ಎಂದೆ.

“ಹಲ್ಲಿಯೂ ಇಲ್ಲ, ಚೀನಾದ ಯಾವ ಗಿಡವೂ ಇಲ್ಲ. ಹಿಟ್ಟು, ಬೆಲ್ಲ, ಇದ್ದಿಲು. ಚೀನಾದವರ ಮದ್ದಿಗೆ ಇವನು ಬರೀ ಹೆಸರು ಕೆಡಿಸಿದ.”

ಇಲ್ಲದ ಹಲ್ಲಿಗೆ ಹೆದರಿ ನನ್ನ ಗಂಡ ಸತ್ತರು. ಅದರಲ್ಲಿ ಹಲ್ಲಿ ಇಲ್ಲ, ತಿನ್ನಿ ಸ್ವಾಮಿ, ಎಂದು ಆ ದಿನ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಸುಮ್ಮನಿದ್ದನಲ್ಲ ಸ್ವಲ್ಪ ಹೊತ್ತು, ಆಗ ಅವನ ನಾಲಗೆಯ ತುದಿಯಲ್ಲಿ ಇದ್ದದ್ದು ಅದೇ ಮಾತು. ಹೇಳಿದ್ದರೆ ಅಂಗಡಿಯ ಮಾನ ಹೋಗುತ್ತಿತ್ತು. ಮಾನ ಉಳಿಸಿಕೊಂಡ, ಮಂಜನನ್ನು ಕಳಿಸಿದ.

ಪೊಲೀಸರಿಗೆ ದೂರು ಕೊಟ್ಟೆ. ನೋಡಲು ಬಂದವರಿಗೆ ಆ ದಿನ ಅಂಗಡಿಯಲ್ಲಿ ಸಿಕ್ಕಿದ್ದು ಶುಂಠಿ ಪುಡಿ, ಜ್ಯೇಷ್ಠಮಧು. ಒಂದು ವಾರ ಬೋರ್ಡು ಒಳಗಿತ್ತು, ಮತ್ತೆ ಹೊರಗೆ ಬಂತು. ಆ ಬಾಟಲಿ ತನ್ನ ಅಂಗಡಿಯದ್ದೇ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಅವನು ಕೇಳಿದನಂತೆ.

ನನ್ನ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಆವತ್ತು. ಮೀನು ಕೊಯ್ಯುವಾಗ ಕತ್ತಿಯ ಕೆಳಗೆ ಅವನ ಕತ್ತು ಕಾಣುತ್ತಿತ್ತು. ಅವನ ಮುಖಕ್ಕೆ ಉಗಿದು ಬರಬೇಕೆಂದು ಒಂದು ಬೆಳಿಗ್ಗೆ ಹೋದೆ. ಕಾಲಿಗೆ ಅಭ್ಯಾಸ ನೋಡಿ, ಉಗಿಯಲು ಹೋದವಳು ಕೂಡ ಹೋಗಿ ನಿಂತದ್ದು ಹಿತ್ತಿಲ ಬಾಗಿಲಿಗೆ.

ಒಳಗೆ ಅವನ ತಾಯಿ ಅಪ್ಪಿಯಮ್ಮ ಮಣೆಯ ಮೇಲೆ ಕೂತು ಏದುತ್ತಿದ್ದರು. ಅವರಿಗೂ ಉಬ್ಬಸ, ಮಂಜನಿಗಿಂತ ಹಳೆಯದು. ಬೆರಳಿನ ಗಂಟೆಲ್ಲ ಸೊಟ್ಟ, ಒಂದು ಲೋಟ ಗಟ್ಟಿ ಹಿಡಿಯಲು ಆಗದು. ಸುಧಾಕರ ಎದುರು ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಪಂಪು. ಕುಂದಾಪುರದ ಔಷಧದಂಗಡಿಯಲ್ಲಿ ಸಿಗುವ, ನಮ್ಮ ಕಪಾಟಿನಲ್ಲಿ ಧೂಳು ಹಿಡಿದ ಅದೇ ಪಂಪು.

“ಉಸಿರ್ ಎಳಿ ಅಬ್ಬಿ. ಹಾಂ. ಹಿಡ್ಕೊ. ಒಂದ್, ಎರಡ್, ಮೂರ್...” ಹತ್ತರವರೆಗೆ ಎಣಿಸಿದ. ಆಮೇಲೆ ಲೋಟ ಹಿಡಿದು ಅವರಿಂದ ಬಾಯಿ ಮುಕ್ಕಳಿಸಿಸಿದ. ಸೆರಗಿನಿಂದ ಅವರ ಗಲ್ಲ ಒರೆಸಿದ. ನನ್ನನ್ನು ನೋಡದೆ ಎದ್ದು ಅಂಗಡಿಗೆ ಹೋದ.

ನಾನು ಬಾಗಿಲ ಪಕ್ಕದ ಕಿಟಕಿಯ ಹತ್ತಿರ ನಿಂತಲ್ಲೇ ನಿಂತಿದ್ದೆ. ಅವನಿಗೆ ಎಲ್ಲ ಗೊತ್ತು. ಯಾವುದು ಮದ್ದು, ಯಾವುದು ಅಲ್ಲ, ಎಷ್ಟು ಎಣಿಸಬೇಕು, ಬಾಯಿ ಯಾಕೆ ತೊಳೆಯಬೇಕು, ಎಲ್ಲ.

ಅಪ್ಪಿಯಮ್ಮ ನನ್ನನ್ನು ಕಂಡು ಬಾಗಿಲಿಗೆ ಬಂದರು. “ಮಂಜನ್ ಸುದ್ದಿ ಕೇಂಡೆ ಹೆಣ್ಣೆ. ಎಂತ ಹೇಳುದ್ ನಾನ್. ಕೂಕೊ.” ಮಗ ಅವರಿಗೆ ಏನೂ ಹೇಳಿರಲಿಲ್ಲ. ಬುಟ್ಟಿಯ ಕಡೆ ನೋಡುತ್ತಾ ದನಿ ತಗ್ಗಿಸಿ ಕೇಳಿದರು, “ಮಂಜಂದ್ ಗುಳ್ಗೆ ಉಳ್ದದ್ ಇತ್ತಾ?”

“ನಿಮ್ಗ್ ಎಂತಕೆ ಅಮ್ಮ? ಮಗನ್ ಅಂಗ್ಡಿ ತುಂಬ ಇತ್ತಲೆ.”

“ಊರಿಗೆಲ್ಲ ಕೊಡ್ತ, ನಂಗ್ ಕೊಡುದಿಲ್ಲೆ. ನಂಗೆ ಈ ಗಾಳಿ ಮಾತ್ರ. ನಿನ್ ಮೈಗ್ ಆಪ್ದಿಲ್ಲೆ ಅಂತ. ಮುತ್ತ ಕಾಣ್, ಈಗ ಗುಡ್ಡಿ ಹತ್ತತ್ತ್. ನಾನ್ ಹೆತ್ತಬ್ಬಿ. ನಂಗ್ ಒಳ್ಳೆ ಮದ್ದ್ ಬ್ಯಾಡ್ದಾ?”

ನಾನು ಕದಿಯಬೇಕಾಗಿರಲಿಲ್ಲ, ಸುಳ್ಳು ಹೇಳಬೇಕಾಗಿರಲಿಲ್ಲ. ಉಳಿದ ಒಂದು ಬಾಟಲಿ ಸೊಂಟದ ಚೀಲದಲ್ಲೇ ಇತ್ತು, ಅವನ ಮುಖಕ್ಕೆ ಎಸೆಯಲು ತಂದದ್ದು. ಮುದುಕಿ ಕೈ ಚಾಚಿ ಬೇಡುತ್ತಿದ್ದಾಳೆ. ಕೊಟ್ಟೆ. ದಿನಕ್ಕೆ ಎರಡು, ಊಟದ ಮೇಲೆ, ಮಗನಿಗೆ ಹೇಳಬೇಡಿ ಎಂದೆ. ಇದು ಮುಗಿದರೆ ಇನ್ನೊಂದು ಬಾಟಲಿ ಮುತ್ತನ ಕೈಯಲ್ಲಿ ತರಿಸಿ ಕೊಡುವುದು, ಆಮೇಲೆ ಮತ್ತೊಂದು, ಆಮೇಲೆ ಒಂದು ದಿನ ಮದ್ದು ಸಿಗಲಿಲ್ಲ ಅಮ್ಮ ಎಂದುಬಿಡುವುದು. ಒಂಬತ್ತು ದಿನ. ಅವನೂ ಒಮ್ಮೆ ನೀಲಿ ತುಟಿ ನೋಡಲಿ.

ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ಬಂದೆ. ಒಂದು ಬಸ್ಸು ಹೋಯಿತು. ಎರಡನೆಯದೂ ಹೋಯಿತು. ನನಗೆ ಹತ್ತಲು ಆಗಲಿಲ್ಲ. ಕನಿಕರ ಬಂತು ಎಂದುಕೊಳ್ಳಬೇಡಿ. ನನಗೆ ಬಂದದ್ದು ಬೇರೆ ಯೋಚನೆ. ತಾಯಿ ಸತ್ತರೆ ಸುಧಾಕರ ಅಳುತ್ತಾನೆ. ಊರು ಬಂದು ಅವನ ಹೆಗಲ ಮೇಲೆ ಕೈ ಇಡುತ್ತದೆ, ಎಂಥ ಮಗ, ಎಷ್ಟು ಚಂದ ನೋಡಿಕೊಂಡ ಎನ್ನುತ್ತದೆ. ಹನ್ನೆರಡು ದಿನ ಬಿಟ್ಟು ಮತ್ತೆ ಬಿಳಿ ಕೋಟು ಹಾಕುತ್ತಾನೆ. ಹಾಗಾದರೆ ಸತ್ತದ್ದು ಯಾರು, ಗೆದ್ದದ್ದು ಯಾರು? ನಾನು ಬುಟ್ಟಿಯನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಓಡಿದೆ.

ಅಪ್ಪಿಯಮ್ಮ ಊಟಕ್ಕೆ ಕೂತಿದ್ದರು. ಬಾಟಲಿ ಮಣೆಯ ಪಕ್ಕದಲ್ಲಿತ್ತು, ಮುಚ್ಚಳ ಇನ್ನೂ ತೆರೆದಿರಲಿಲ್ಲ. ನಾನು ಅದನ್ನು ಎತ್ತಿಕೊಂಡೆ.

“ಎಂತ ಹೆಣ್ಣೆ, ಕೊಟ್ಟದ್ದನ್ ತೆಕ್ಕಂತ್ಯಾ?”

“ಅಮ್ಮ, ಕದ್ದ್ ತಿಂದ್ರೆ ಮದ್ದ್ ಹಿಡುದಿಲ್ಲೆ. ಮಗನ್ ಕೈಯಾರೆ ತಿನ್ನಿ. ಆಯ್ತ್ವಾರ ಬಪ್ಪು ಜನರ ಎದ್ರಿಗೆ ಕೇಣಿ. ಜನರ ಎದ್ರಿಗೆ ಅವ್ರ್ ಇಲ್ಲೆ ಹೇಳುಕ್ ಆತಿಲ್ಲೆ.” ಒಂದೇ ಒಂದು ಗುಳಿಗೆ ತೆಗೆದು ಅವರ ಸೆರಗಿನ ತುದಿಗೆ ಗಂಟು ಹಾಕಿದೆ. “ಅಲ್ಲಿವರೆಗ್ ಇದನ್ನ ಬಾಯಿಗ್ ಹಾಕುಕಾಗ. ನನ್ ಆಣೆ.”

ಆ ಮುದುಕಿ ನಕ್ಕರು. ನನಗೆ ನಗು ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅಂಗಡಿಯಲ್ಲಿ ಇಪ್ಪತ್ತು ಜನ ಇದ್ದರು. ಬಸ್ರೂರಿನಿಂದ ಬಂದವರು, ಬೈಂದೂರಿನಿಂದ ಬಂದವರು, ಬೆಂಚಿನ ಮೇಲೆ ಮುತ್ತ. ಅವರಲ್ಲಿ ಅರ್ಧ ಜನ ನಾನು ಕಳಿಸಿದವರೇ. ನಾನು ಬಾಗಿಲ ಹೊರಗೆ ಬುಟ್ಟಿ ಇಳಿಸಿ ನಿಂತೆ. ಸುಧಾಕರ ನನ್ನನ್ನು ನೋಡಿದ, ನೋಡದ ಹಾಗೆ ಮಾಡಿದ.

ಒಳಬಾಗಿಲ ಪರದೆ ಸರಿಸಿ ಅಪ್ಪಿಯಮ್ಮ ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು. ಸೊಟ್ಟ ಅಂಗೈಯ ಮೇಲೆ ಕಪ್ಪು ಗುಳಿಗೆ.

“ಮಗ, ಇವತ್ತ್ ನಂಗೂ ಒಂದ್ ಕೊಡ್. ನಿನ್ ಕೈಯಾರೆ ಹಾಕ್.”

ಜನ ನಕ್ಕರು. ಅವನೂ ನಕ್ಕ. “ಅದ್ ಎಲ್ಲಿ ಸಿಕ್ತ್ ನಿಂಗೆ? ಒಳಗ್ ಹೋಗ್ ಅಬ್ಬಿ, ಕೆಲ್ಸ ಇತ್ತ್.”

“ಎಲ್ಲರಿಗೂ ಆಪ್ದ್ ನಂಗ್ ಎಂತಕೆ ಆಪ್ದಿಲ್ಲೆ?”

“ಕೊಡಿ ಡಾಕ್ಟ್ರೇ,” ಎಂದಳು ಮುತ್ತ ಬೆಂಚಿನಿಂದ. “ಹೆತ್ತಬ್ಬಿಗ್ ಕೊಡ್ದೆ ಇಟ್ಕಂಡ್ರೆ ಎಂತ ಚಂದ. ನಾ ತಿಂದ್ ಹುಷಾರಾಯ್ಲಿಲ್ಯಾ?”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಪ್ಪಿಯಮ್ಮ ಮಗುವಿನ ಹಾಗೆ ಹಟ ಮಾಡಿ ಗುಳಿಗೆಯನ್ನು ತಾವೇ ಬಾಯಿಗೆ ಹಾಕಿಕೊಂಡರು. ಸುಧಾಕರ ಮೇಜು ಹಾರಿದ ಎಂದೇ ಹೇಳಬೇಕು. ಒಂದು ಕೈಯಲ್ಲಿ ತಾಯಿಯ ದವಡೆ ಹಿಡಿದ, ಇನ್ನೊಂದು ಕೈಯ ಬೆರಳನ್ನು ಬಾಯೊಳಗೆ ತೂರಿಸಿ, ಮಣ್ಣು ತಿಂದ ಮಗುವಿನ ಬಾಯಿಂದ ತೆಗೆದ ಹಾಗೆ ಗುಳಿಗೆಯನ್ನು ಗೋರಿ ತೆಗೆದ. ಅದು ನೆಲಕ್ಕೆ ಬಿದ್ದು ಮುತ್ತನ ಕಾಲಬುಡಕ್ಕೆ ಉರುಳಿತು.

ಅಂಗಡಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಅಪ್ಪಿಯಮ್ಮ ತುಟಿ ಒರೆಸಿಕೊಂಡರು. ನೆಲಕ್ಕೆ ಬಿದ್ದ ಗುಳಿಗೆಯನ್ನು ನೋಡಿದರು. ಬೆಂಚಿನ ಮೇಲೆ ಕೂತವರನ್ನು ಒಬ್ಬೊಬ್ಬರಾಗಿ ನೋಡಿದರು. “ಹಂಗಾರೆ ಇವ್ರಿಗೆಲ್ಲ ಎಂತ ಕೊಟ್ಟೆ ನೀನ್?” ಎಂದು ಕೇಳಿದರು.

ನಾನು ಒಳಗೆ ಹೋಗಿ ಗೋಡೆಯಿಂದ ಹಲ್ಲಿಯ ಚೌಕಟ್ಟು ಇಳಿಸಿ ಅವನ ಮೇಜಿನ ಮೇಲಿಟ್ಟೆ.

“ಮಂಜ ಫೋನಲ್ಲ್ ಕೇಂಡದ್ದಕ್ಕೆ ಈಗ ಉತ್ರ ಹೇಳ್. ಗುಳ್ಗೆಯಗ್ ಹಲ್ಲಿ ಇತ್ತಾ?”

“ಸುಗುಣಕ್ಕ, ಒಳಗ್ ಬನ್ನಿ, ಮಾತಾಡುವ.”

“ಇಲ್ಲೇ ಹೇಳ್. ಅಬ್ಬಿ ಎದ್ರಿಗ್ ಹೇಳ್.”

ಅವನು ತಾಯಿಯ ಮುಖ ನೋಡಿದ. “ಇಲ್ಲೆ,” ಎಂದ. ಆ ಎರಡಕ್ಷರ ಅವನ ಬಾಯಿಂದ ಬರಲು ಒಂದೂವರೆ ತಿಂಗಳು ತಡವಾಯಿತು.

ಆಮೇಲೆ ನಾನು ಎಲ್ಲ ಹೇಳಿದೆ. ಡಾಕ್ಟರ ಕಾಗದ ತೋರಿಸಿದೆ. ಜನ ಎದ್ದರು. ಗಾಜಿನ ಡಬ್ಬ ಒಡೆಯಿತು, ಬೋರ್ಡು ಕಿತ್ತು ಬಂತು, ಯಾರೋ ಅವನ ಕೋಟಿನ ಕಾಲರಿಗೆ ಕೈ ಹಾಕಿದರು. ಎಷ್ಟು ದಿನದಿಂದ ನಾನು ಕನಸು ಕಂಡ ಘಳಿಗೆ ಅದು. ನೋಡುತ್ತಾ ನಿಲ್ಲೋಣ ಎಂದರೆ ಮುತ್ತ ತನ್ನ ಬಾಟಲಿಯ ಮುಚ್ಚಳ ತೆಗೆದು ಚರಂಡಿಗೆ ಸುರಿಯಲು ಹೊರಟಿದ್ದಾಳೆ. ಅವಳ ಹಿಂದೆ ಇನ್ನಿಬ್ಬರು. ನಾನು ಓಡಿಹೋಗಿ ಅವಳ ಕೈ ಹಿಡಿದೆ.

“ಬಿಸಾಡ್ಬೇಡ ಮುತ್ತ. ಇವತ್ತೇ ನಿಲ್ಸಿರೆ ಮಂಜ ಹೋದ್ ದಾರಿಯಗೇ ಹೋತೆ.”

“ವಿಷ ಅಂತ ನೀನೇ ಹೇಳ್ತೆ, ತಿನ್ನ್ ಅಂತಲೂ ನೀನೇ ಹೇಳ್ತೆ. ನಂಗ್ ಇದನ್ನ ತಂದ್ ಕೊಟ್ಟದ್ದೂ ನೀನೇ.” ಮುತ್ತ ಕೈ ಕೊಸರಿಕೊಂಡಳು. ನನ್ನ ಮುಖಕ್ಕೆ ಉಗಿದಳು.

ಒರೆಸಿಕೊಂಡೆ. ಅದು ನನಗೆ ಸಲ್ಲಬೇಕಾದದ್ದೇ. “ಹೌದ್, ನಾನೇ ತಂದ್ ಕೊಟ್ಟದ್ದ್. ನಾಳೆ ನನ್ ಒಟ್ಟಿಗ್ ಬಾ, ಡಾಕ್ಟ್ರತ್ರ ಹೋಪ. ಅವ್ರ್ ಹೇಳ್ದಂಗ್ ಬಿಡುವ. ಅಲ್ಲಿವರೆಗ್ ಕೈ ಮುಗಿತೆ, ಬಿಸಾಡ್ಬೇಡ.” ಸೋಮವಾರ ಮೀನಿಗೆ ಹೋಗಲಿಲ್ಲ. ಹದಿನೇಳು ಮನೆಯ ಹಿತ್ತಿಲ ಬಾಗಿಲು ತಟ್ಟಿ ತಪ್ಪು ಒಪ್ಪಿಕೊಂಡೆ. ಹದಿನಾಲ್ಕು ಜನ ನನ್ನ ಜೊತೆ ಕುಂದಾಪುರದ ಬಸ್ಸು ಹತ್ತಿದರು. ಉಳಿದ ಮೂವರನ್ನು ಮರುದಿನ ಕರೆದುಕೊಂಡು ಹೋದೆ. ಕೆಲವರು ಇವತ್ತಿಗೂ ನನ್ನಿಂದ ಮೀನು ತೆಗೆದುಕೊಳ್ಳುವುದಿಲ್ಲ.

ಈಗ ಅಂಗಡಿ ಮುಚ್ಚಿದೆ, ಕೇಸು ನಡೆಯುತ್ತಿದೆ. ಸುಧಾಕರ ಜಾಮೀನಿನಲ್ಲಿ ಮನೆಯಲ್ಲೇ ಇದ್ದಾನೆ. ಆದರೆ ಅವನಿಗೆ ನಾನು ಕೊಟ್ಟ ಶಿಕ್ಷೆ ಕೋರ್ಟಿನದ್ದಲ್ಲ.

ಆ ಭಾನುವಾರದಿಂದ ಅಪ್ಪಿಯಮ್ಮ ಮಗನ ಕೈಯ ನೀರು ಮುಟ್ಟಿಲ್ಲ. ಅನ್ನ, ನೀರು ಎಲ್ಲ ಪಕ್ಕದ ಮನೆಯಿಂದ ಬರುತ್ತದೆ. ಪಂಪು ಒತ್ತಲೂ ಅವರ ಬೆರಳಿಗೆ ಶಕ್ತಿ ಇಲ್ಲ. ಮೊದಲ ದಿನ ಅವನು ಪಂಪು ಹಿಡಿದು ಹತ್ತಿರ ಹೋದಾಗ ಅವರು ಉಬ್ಬಸದಲ್ಲೇ ಬಾಯಿ ಬಿಗಿದು ಗೋಡೆಗೆ ಮುಖ ಮಾಡಿದರಂತೆ. ಸತ್ತರೂ ಸರಿ, ನಿನ್ನ ಕೈಯಿಂದ ಬೇಡ ಎಂದರಂತೆ. ಹೇಳಿದ್ದು ಅವನೇ. ನನ್ನ ಕಾಲು ಹಿಡಿಯಲು ಬಂದವನು, ನಮ್ಮ ಮನೆಯ ಹಿತ್ತಿಲ ಮೆಟ್ಟಿಲಲ್ಲಿ ಕೂತು ಅಳುತ್ತಾ ಹೇಳಿದ.

“ಅಬ್ಬಿ ಸಾಯ್ತ್ ಸುಗುಣಕ್ಕ. ನೀವಾರೂ ಒತ್ತಿ.”

ಅವನು ಅಳುವುದನ್ನು ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ಆಗಬಾರದಿತ್ತೇನೋ, ಆಯಿತು.

ಬೆಳಿಗ್ಗೆ ಒಂಬತ್ತಕ್ಕೆ ಬುಟ್ಟಿ ಇಳಿಸಿ, ಕೈ ತೊಳೆದು ಒಳಗೆ ಹೋಗುತ್ತೇನೆ. ಸಂಜೆಯದ್ದನ್ನು ಪಕ್ಕದ ಮನೆಯ ಸೊಸೆಗೆ ಕಲಿಸಿಕೊಟ್ಟಿದ್ದೇನೆ. ಅಪ್ಪಿಯಮ್ಮ ನನ್ನ ಕೈಯ ಮೀನು ವಾಸನೆಗೆ ಒಂದು ದಿನವೂ ಮೂಗು ಮುರಿದಿಲ್ಲ. ಪಂಪು ಅಲ್ಲಾಡಿಸಿ ಬಾಯಿಗಿಟ್ಟು ಒತ್ತುತ್ತೇನೆ. ಸುಧಾಕರ ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತಾನೆ. ಒಳಗೆ ಬರಲು ಅವನಿಗೆ ಅಪ್ಪಣೆ ಇಲ್ಲ. ಅವನ ತುಟಿ ಅಲ್ಲಾಡುತ್ತದೆ, ಒಂದು, ಎರಡು, ಮೂರು. ದನಿ ಬರುವುದಿಲ್ಲ.

ಜೋರಾಗಿ ಎಣಿಸುವವಳು ನಾನು.